ಸುಮ್ಮನಿದ್ದ ಹಗ್ಗ

ನಡುಮನೆ ಹೂಂ ಅನ್ನುವ ತನಕ ಆ ಊರಿನಲ್ಲಿ ಏನೂ ಆಗುತ್ತಿರಲಿಲ್ಲ.

ಮಳೆ ಬಂದರೆ ಬಂದಂತಲ್ಲ. ಮಗು ಹುಟ್ಟಿದರೆ ಹುಟ್ಟಿದಂತಲ್ಲ. ಊರ ಗೋಡೆಯಾಚೆ ಬಯಲು, ಬಯಲಿನ ಉದ್ದಕ್ಕೂ ಅಲ್ಲೊಂದು ಇಲ್ಲೊಂದು ಚೌಕಿ, ಒಂದೊಂದು ಚೌಕಿಗೂ ಒಬ್ಬೊಬ್ಬರೇ ಕಾವಲಿನವರು. ಚೌಕಿಯಲ್ಲೊಂದು ಮಡಕೆ, ಮಡಕೆಯ ಬಾಯಿಗೆ ಬಿಗಿದ ತೊಗಲು, ತೊಗಲಿನ ನಡುವಿನಿಂದ ಹೊರಟ ಹಗ್ಗ. ಆ ಹಗ್ಗ ಬಯಲು ದಾಟಿ, ಗೋಡೆ ದಾಟಿ, ನಡುಮನೆಯ ಮಬ್ಬು ಕೋಣೆಯಲ್ಲಿ ಇನ್ನೊಂದು ಮಡಕೆಗೆ ಸೇರುತ್ತಿತ್ತು. ಕಾವಲಿನವರು ಮಡಕೆಗೆ ಬಾಯಿಟ್ಟು ಆದದ್ದನ್ನು ಹೇಳಬೇಕು. ಮಾತು ಹಗ್ಗ ಹಿಡಿದು ನಡೆದು ಹೋಗಬೇಕು. ನಡುಮನೆಯಲ್ಲಿ ಕೂತವರು ಕೇಳಿ ಹೂಂ ಅನ್ನಬೇಕು. ಆ ಹೂಂ ಅದೇ ಹಗ್ಗ ಹಿಡಿದು ವಾಪಸು ಬರಬೇಕು. ಬಂದರೆ ಆಯಿತು. ಬಾರದಿದ್ದರೆ ಆಗಿಲ್ಲ. ತೊಯ್ದ ಬಟ್ಟೆ ಹಿಂಡುತ್ತಾ ಕಾವಲಿನವರು ಮಳೆ ಬಂದಿಲ್ಲವೆಂದು ಒಪ್ಪಿಕೊಳ್ಳಬೇಕು.

ಇದರಲ್ಲಿ ಯಾರಿಗೂ ತಪ್ಪು ಕಂಡಿರಲಿಲ್ಲ. ಎದುರಿಗೊಬ್ಬರು ಹೂಂಗುಟ್ಟದೆ ಕತೆ ಮುಂದೆ ಹೋಗುವುದಿಲ್ಲ. ಬದುಕಿಗೂ ಹಾಗೇ ಇರಲಿ ಎಂದು ಹಿರಿಯರು ಗೊತ್ತು ಮಾಡಿದ್ದರು. ಹಿರಿಯರು ಗೊತ್ತು ಮಾಡಿದ್ದು ಆಯಿತೋ ಇಲ್ಲವೋ ಎಂಬುದಕ್ಕೆ ಯಾರು ಹೂಂ ಅಂದರು ಎಂದು ಕೇಳುವಷ್ಟು ಬಿಡುವು ಯಾರಿಗೂ ಇರಲಿಲ್ಲ.

ನಡುಮನೆಯಲ್ಲಿ ಕೂತು ಕೇಳುವವರಿಗೆ ದೊಡ್ಡಕಿವಿ ಎಂದು ಹೆಸರು. ಅದು ಹುದ್ದೆ, ಆಗ ಇದ್ದವರ ಕಿವಿ ಎಲ್ಲರ ಅಳತೆಯದೇ. ಎಲ್ಲ ಚೌಕಿಗಳ ಮಡಕೆಗಳೂ ಆ ಒಂದೇ ಕೋಣೆಯಲ್ಲಿದ್ದವು. ಅವುಗಳ ನಡುವೆ ದೊಡ್ಡಕಿವಿಯವರು ಕಣ್ಣು ಮುಚ್ಚಿ ಕೂತಿರುತ್ತಿದ್ದರು. ಯಾವ ಮಡಕೆ ಮಾತಾಡಿತೆಂದು ಕಣ್ಣು ತೆರೆದು ನೋಡುವುದು ಕಿವಿಗೆ ಅವಮಾನವೆಂದು ಅವರ ತಿಳಿವಳಿಕೆ. ಅದಕ್ಕೇ ಮೊದಲು ಹೆಸರು, ಆಮೇಲೆ ಮಾತು ಎಂಬ ಕಟ್ಟಳೆ ಹುಟ್ಟಿತು. ಹೆಸರಿಲ್ಲದ ಮಾತಿಗೆ ಹೂಂ ಇಲ್ಲ. ಕೆಲಸವಿಲ್ಲದೆ ಯಾರೂ ಮಡಕೆಗೆ ಬಾಯಿ ಹಚ್ಚುವಂತಿಲ್ಲ. ಒಂದು ಮಾತನ್ನು ಒಂದೇ ದಿನ ಎರಡು ಸಲ ಆಡುವಂತೆಯೂ ಇಲ್ಲ. ಎರಡನೆಯ ಸಲ ಆಡಿದರೆ ಮೊದಲ ಸಲ ಸುಳ್ಳಾಡಿದ ಹಾಗೆ.

ಇನ್ನು ಹಗ್ಗದವನು. ಹಗ್ಗ ಕೆಟ್ಟರೆ ನಡೆದುಹೋಗಿ ಸರಿ ಮಾಡುವವನು ಅವನು. ಬಯಲಿನಲ್ಲಿ ಮರವಿಲ್ಲ, ಕಲ್ಲಿಲ್ಲ, ಗುರುತಿಲ್ಲ. ಧೂಳೆದ್ದರೆ ತನ್ನ ಕಾಲೇ ತನಗೆ ಕಾಣದು. ಆದ್ದರಿಂದ ಹಗ್ಗದವನು ಹಗ್ಗದ ಮೇಲೆ ಕೈಯಿಟ್ಟೇ ನಡೆಯುತ್ತಿದ್ದ. ಹೋಗುವಾಗ ಬಲಗೈ, ಬರುವಾಗ ಎಡಗೈ. ಅವನಿಗೆ ಕಸುಬು ಕಲಿಸಿದವನೂ ಹಾಗೇ ನಡೆದಿದ್ದ. ಬೆರಳ ಕೆಳಗೆ ಯಾರದೋ ಮಾತು ಹರಿದು ಹೋಗುವುದು ತಿಳಿಯುತ್ತಿತ್ತು, ಯಾವ ಮಾತೆಂದು ತಿಳಿಯುತ್ತಿರಲಿಲ್ಲ. ಅವನಿಗೆ ಒಂದು ಊರಿರಲಿಲ್ಲ, ದಾರಿಯಿತ್ತು. ಒಂದು ಮಡಕೆಯೂ ಇರಲಿಲ್ಲ. ಮಡಕೆಯಿಲ್ಲದವನ ಬದುಕಿನಲ್ಲಿ ಏನಾದರೂ ಆಗುವುದು ಹೇಗೆ? ಒಮ್ಮೆ ಜ್ವರ ಬಂದು ಬಯಲಿನಲ್ಲಿ ಬಿದ್ದುಕೊಂಡಿದ್ದ, ಅದು ಬರಲಿಲ್ಲ. ವಾಸಿಯಾಯಿತು, ಅದೂ ಆಗಲಿಲ್ಲ.

ಆ ಬೇಸಿಗೆಯಲ್ಲಿ ಕೊನೆ ಚೌಕಿಯ ಹಗ್ಗ ಕೆಟ್ಟಿತ್ತು.

ಪೂರ್ತಿ ಕೆಟ್ಟಿದ್ದರೆ ಚೆನ್ನಾಗಿತ್ತು. ಕಡಿದುಹೋದ ಹಗ್ಗಕ್ಕೆ ಒಂದು ಮರ್ಯಾದೆಯಿದೆ. ಗಂಟು ಹಾಕಿದರೆ ಮುಗಿಯಿತು. ಇದು ಒಮ್ಮೊಮ್ಮೆ ಸತ್ತಿರುತ್ತಿತ್ತು, ಒಮ್ಮೊಮ್ಮೆ ಬದುಕಿರುತ್ತಿತ್ತು. ಉಳಿದ ಚೌಕಿಗಳಿಗೆ ಈ ಕಾಯಿಲೆಯಿಲ್ಲ. ಅಲ್ಲಿ ಸದಾ ಏನಾದರೂ ಆಗುತ್ತಿತ್ತು: ಆಡು ಕಳೆಯುತ್ತಿತ್ತು, ಆಡು ಸಿಗುತ್ತಿತ್ತು, ಸಿಕ್ಕ ಆಡು ಯಾರದೆಂದು ಜಗಳವಾಗುತ್ತಿತ್ತು, ಹಗ್ಗ ದಿನವಿಡೀ ಗುಂಯ್‌ಗುಡುತ್ತಿತ್ತು. ಕೊನೆ ಚೌಕಿಯಲ್ಲಿ ಆಡಿಲ್ಲ. ಗಾಳಿಯಿತ್ತು, ಕೊನೆ ಚೌಕಿಯಾಕೆ ಇದ್ದಳು.

ತೊಗಲು ಬದಲಾಯಿಸಿದರು. ಮಡಕೆ ಬದಲಾಯಿಸಿದರು. ಹಗ್ಗಕ್ಕೆ ಹರಳೆಣ್ಣೆ ಸವರಿದರು. ಕೊನೆಗೆ ಮಡಕೆಗೆ ಮೆಣಸಿನಕಾಯಿ ನಿವಾಳಿಸಿ ದೃಷ್ಟಿಯನ್ನೂ ತೆಗೆದರು. ಮಾಡಿದ್ದೆಲ್ಲ ಫಲ ಕೊಟ್ಟಿತು, ಹಗ್ಗದವನು ಅಲ್ಲಿರುವ ತನಕ.

ದೊಡ್ಡಕಿವಿಯವರು ಅವನನ್ನು ಕರೆಸಿದರು. ಕಣ್ಣು ಮುಚ್ಚಿಕೊಂಡೇ ಕೇಳಿದರು.

"ಮತ್ತೆ ಹೋಗಿದ್ದೆಯಾ?"

"ಹೋಗಿದ್ದೆ ಸ್ವಾಮಿ. ಸರಿ ಇದೆ."

"ಸರಿ ಇರೋದನ್ನ ನೋಡಿಕೊಂಡು ಬರೋದಕ್ಕೆ ನಿನ್ನ ಕಳಿಸ್ತೀವೇನಯ್ಯ?"

"ನಾನು ಹೋದಾಗ ಸರಿ ಇರುತ್ತೆ ಸ್ವಾಮಿ. ನಾನೇನು ಮಾಡಲಿ?"

"ಹಾಗಾದ್ರೆ ಆಕೆ ಯಾಕೆ ಮಾತಾಡಲ್ಲ? ನೀನು ಅಲ್ಲಿಗೆ ಹೋದ ದಿನ ಬಿಟ್ಟರೆ ಕೊನೆ ಚೌಕಿಯಾಕೆ ಅನ್ನೋ ಹೆಸರೇ ಕೇಳಿಸಲ್ಲ. ಅದರ ಮೇಲೆ ಇದು ಬೇರೆ ತಲೆನೋವು. ಹೆಸರೂ ಇಲ್ಲ, ಗಿಸರೂ ಇಲ್ಲ, ಯಾರೋ ಒಬ್ಬರು 'ನಾನು ಊರಿಗೆ ಬರಲಾ?' ಅಂತ ಕೇಳ್ತಾನೇ ಇರ್ತಾರೆ. ಯಾರೂ ಅಲ್ಲದವರನ್ನ ಬಾ ಅಂತ ಹೇಗೆ ಕರೆಯೋದು?"

"ಗಂಡಸೋ ಹೆಂಗಸೋ?"

"ಅಷ್ಟು ದೂರ ನಡೆದು ಬಂದ ಮಾತಿಗೆ ಗಂಡು ಹೆಣ್ಣು ಎಲ್ಲಿರುತ್ತಯ್ಯ? ಬರೀ ಸುಸ್ತಿರುತ್ತೆ." ದೊಡ್ಡಕಿವಿಯವರು ನಿಟ್ಟುಸಿರುಬಿಟ್ಟರು. "ಕೇಳು. ಹುಣ್ಣಿಮೆಯೊಳಗೆ ದೋಷ ಎಲ್ಲಿದೆ ಅಂತ ಹೇಳಬೇಕು. ಇಲ್ಲದಿದ್ದರೆ ಆ ಹಗ್ಗ ಕಡಿದು ಹಿತ್ತಲ ಬಾವಿಗೆ ಹಾಕಿಸ್ತೀನಿ. ಹಳೇ ಹಗ್ಗ, ಗಟ್ಟಿ ಇದೆ."

ಹಗ್ಗ ಕಡಿದರೆ ಏನೆಂದು ಅವನಿಗೆ ಗೊತ್ತಿತ್ತು. ಹಗ್ಗವಿಲ್ಲದ ಚೌಕಿ ಇಲ್ಲದ ಚೌಕಿ. ಅದರಲ್ಲಿ ಇದ್ದವರು ಇರಲೇ ಇಲ್ಲ. ಆಮೇಲೆ ಅವರು ನಡೆದುಕೊಂಡು ಗೋಡೆಯ ತನಕ ಬಂದರೂ ಬಂದಂತಲ್ಲ. ಬಾಗಿಲು ತೆರೆಯುವವರಿಗೆ ಅಲ್ಲಿ ಯಾರೂ ಕಾಣಿಸುವುದಿಲ್ಲ.

ಅವನು ಬಲಗೈ ಹಗ್ಗದ ಮೇಲಿಟ್ಟು ಹೊರಟ.

ಕೊನೆ ಚೌಕಿಯಾಕೆ ಬಾಗಿಲಲ್ಲೇ ನಿಂತಿದ್ದಳು. ಹಗ್ಗ ಅಲುಗಿದ್ದರಿಂದ ಅವಳಿಗೆ ಬೆಳಗಿನಿಂದಲೇ ಗೊತ್ತಾಗಿತ್ತು.

"ಬಾ ತಮ್ಮಾ, ಬಾ. ನೀನು ಬಂದೆಯಲ್ಲ, ಇನ್ನು ಹಗ್ಗಕ್ಕೆ ಏನೂ ಆಗಿರಲ್ಲ. ಪಂಡಿತರ ಮುಖ ಕಂಡ ಕೂಡಲೇ ಹೊಟ್ಟೆನೋವು ಹೋಗುತ್ತಲ್ಲ, ಹಾಗೆ."

ಒಳಗೆ ಹೋಗಿ ಮಡಕೆಗೆ ಬಾಯಿಟ್ಟಳು. "ಕೊನೆ ಚೌಕಿಯಾಕೆ. ಹಗ್ಗದವನು ಬಂದ."

ಹೂಂ ಬಂತು.

"ನೋಡು, ಬಂದೆ ನೀನು," ಎಂದು ನಕ್ಕಳು. "ಈ ಚೌಕಿಯಲ್ಲಿ ಇಷ್ಟು ವರ್ಷದಲ್ಲಿ ಆಗಿರೋದು ಇದೊಂದೇ. ನೀನು ಬರೋದು. ಹೋದ ಮಳೆಗಾಲದಲ್ಲಿ ಸೂರೇ ಕುಸಿದುಬಿತ್ತು. ಹೇಳಿದೆ, ಹೂಂ ಬರಲಿಲ್ಲ. ಬೀಳದೇ ಇರೋ ಸೂರನ್ನ ನಾನೇ ಎತ್ತಿ ಕಟ್ಟಿದೆ."

ಅವನು ಹುಣ್ಣಿಮೆಯ ವಿಷಯ ಹೇಳಿದ. ಅವಳು ನಗುವುದನ್ನು ನಿಲ್ಲಿಸಿ, ಸೆರಗಿನಿಂದ ಮಡಕೆಯ ಕಂಠ ಒರೆಸಿದಳು. ಬಹಳ ಹೊತ್ತು ಒರೆಸಿದಳು.

"ನಾನು ಊರಿಗೆ ಬರಲಾ ಅಂತ ಕೇಳ್ತಾನೇ ಇದ್ದೀನಪ್ಪ. ಹೂಂ ಬರಲ್ಲ. ಬೇಡ ಅಂತಲೂ ಬರಲ್ಲ. ಬೇಡ ಅಂದಿದ್ರೆ ಸುಮ್ಮನಿರ್ತಿದ್ದೆ."

ಆಗ ಅವನಿಗೆ ದೊಡ್ಡಕಿವಿಯವರ ತಲೆನೋವು ಯಾರೆಂದು ತಿಳಿಯಿತು. ಹೆಸರು ಹೇಳದೆ ಕೇಳುತ್ತೀಯಾ ಎಂದು ಕೇಳಬೇಕೆಂದುಕೊಂಡ. ಅವಳ ಬೈತಲೆ ನೇರವಾಗಿತ್ತು, ಅಂಗಳ ಗೆರೆ ಎಳೆದಂತೆ ಗುಡಿಸಿತ್ತು. ಇಂಥವಳು ಹೆಸರು ಮರೆಯುವವಳಲ್ಲ.

"ಹಾಗಾದ್ರೆ ಈಗಲೇ ಕೇಳಕ್ಕಾ. ನಾನಿದ್ದೀನಲ್ಲ."

"ನೀನಿದ್ದಾಗ ಕೇಳೋದಾ? ಚೆನ್ನಾಗಿ ಹೇಳಿದೆ! ಬಿಡುಗಡೆ ಕೇಳೋವಾಗ ಹತ್ತಿರ ಇನ್ನೊಬ್ಬರ ಕಿವಿ ಇರಬಾರದು. ಅದು ಸಾಕ್ಷಿ ಇಟ್ಟುಕೊಂಡು ಬೇಡಿದ ಹಾಗೆ. ಸ್ನಾನ ಮಾಡಬೇಕು, ತಲೆ ಬಾಚಬೇಕು, ದೀಪ ಹಚ್ಚಬೇಕು, ಒಬ್ಬಳೇ ಕೂತು ಕೇಳಬೇಕು." ಸೆರಗು ಕೊಡವಿಕೊಂಡು ಅಂದಳು, "ಅಲ್ಲದೆ ನೀನಿದ್ದಾಗ ಹೋಗಬೇಕು ಅಂತ ಅನ್ಸೋದೂ ಇಲ್ಲ."

ಅವನು ಎದ್ದು ಹೊರಗೆ ಹೋದ. ಚೌಕಿಯ ಹಿಂದೆ ಮಣ್ಣಿನ ದಿಬ್ಬವಿತ್ತು. ಅದರ ಮೇಲೆ ಹೋಗಿ ಕೂತ. ಕೈ ತೊಡೆಯ ಮೇಲಿತ್ತು. ಬಯಲಿನಲ್ಲಿ ಹಗ್ಗದ ಮೇಲೆ ಕೈಯಿಲ್ಲದೆ ಕೂತದ್ದು ಅದೇ ಮೊದಲು. ಕೆಳಗೆ ಅವಳು ನೀರು ಕಾಯಿಸಿದಳು. ಸ್ನಾನ ಮಾಡಿದಳು. ತಲೆ ಬಾಚಿದಳು, ಸಿಕ್ಕು ಬಿಡಿಸಿದಳು, ಮತ್ತೆ ಬಾಚಿದಳು. ನೆರಳು ಅಂಗಳ ದಾಟಿತು. ಹಗ್ಗ ಬಿಸಿಲಲ್ಲಿ ಮಲಗಿದ ಹಾವಿನ ಹಾಗೆ ಬಿದ್ದಿತ್ತು.

ಆಮೇಲೆ ಹಗ್ಗ ನಡುಗಿತು. ಮೊದಲೊಂದು ಸಣ್ಣ ನಡುಕ, ಹೆಸರು. ಹಿಂದೆಯೇ ಒಂದು ಉದ್ದ ನಡುಕ, ಕೇಳಿಕೆ. ಎರಡೂ ಒಂದರ ಹಿಂದೊಂದು ಬಯಲಿನಲ್ಲಿ ಊರ ಕಡೆ ಓಡುವುದು ಅವನಿಗೆ ಕಣ್ಣಾರೆ ಕಂಡಿತು. ಎರಡೂ ಗಟ್ಟಿಯಾಗಿಯೇ ಇದ್ದವು. ಅವನು ಕಾದ. ಅವಳು ಕಾದಳು. ಆ ಕಡೆಯಿಂದ ಏನೂ ಬರಲಿಲ್ಲ.

ಇಷ್ಟು ಕಾಲ ಅವನು ಹಗ್ಗವನ್ನು ಮುಟ್ಟಿ ಮುಟ್ಟಿ ನೋಡಿದ್ದ. ಮುಟ್ಟದೆ ನೋಡಿರಲೇ ಇಲ್ಲ.

ಹಿಂದಿರುಗುವಾಗ ಹಗ್ಗದಿಂದ ಒಂದು ಮಾರು ದೂರ ನಡೆದ. ಮುಟ್ಟಲಿಲ್ಲ. ಏನು ಮಾಡಬೇಕೆಂದು ತಿಳಿಯದೆ ಕೈ ಜೋಲಾಡಿತು. ಧೂಳೆದ್ದಾಗ ನಿಂತ, ಧೂಳು ಕೂತಾಗ ನಡೆದ. ಬಯಲು ಇಷ್ಟು ದೊಡ್ಡದೆಂದು ಅವನಿಗೆ ಗೊತ್ತಿರಲಿಲ್ಲ.

ಹಗ್ಗಗಳೆಲ್ಲ ಊರೊಳಗೆ ಹೋಗುವುದು ಗೋಡೆಯ ತೂತುಗಳ ಮೂಲಕ. ಹೊರಗಿನ ತುದಿಯನ್ನೂ ಒಳಗಿನ ತುದಿಯನ್ನೂ ಅಲ್ಲಿ ಸೇರಿಸಿ ಕಟ್ಟುವ ಕೆಲಸ ಗಂಟಜ್ಜಿಯದು. ಅವನು ಬಂದಾಗಲೆಲ್ಲ ಅವಳು ಗಂಟು ಕಟ್ಟುತ್ತಾ ಇರುತ್ತಿದ್ದಳು. ಅವಳ ಕೆಲಸವೇ ಅದಾದ್ದರಿಂದ ಅವನು ಏನೂ ಕೇಳಿರಲಿಲ್ಲ. ಇಂದು ಅವಳು ಎಲೆಗೆ ಸುಣ್ಣ ಸವರುತ್ತಿದ್ದಳು. ಕೊನೆ ಚೌಕಿಯ ಹಗ್ಗ ಬಿಚ್ಚಿ ಗೂಟಕ್ಕೆ ನೇತುಹಾಕಿತ್ತು, ಒಣಗಲು ಹಾಕಿದ ಪಂಚೆಯ ಹಾಗೆ.

"ಅಜ್ಜೀ, ಇದನ್ನ ಯಾಕೆ ಬಿಚ್ಚಿದ್ದೀ?"

"ಸುಮ್ಮನಿತ್ತಲ್ಲ ಮಗಾ."

"ಸುಮ್ಮನಿದ್ರೆ ಬಿಚ್ಚಿಬಿಡೋದಾ?"

"ಮತ್ತೇನು, ಪೂಜೆ ಮಾಡಲಾ? ಗೋಡೆಗಿರೋ ತೂತು ಇಷ್ಟೇ. ಮಾತಾಡೋ ಹಗ್ಗಗಳಿಗೇ ಜಾಗ ಸಾಲಲ್ಲ. ಸುಮ್ಮನಿರೋದು ಹೋಯ್ತು ಅಂತಲೇ ಲೆಕ್ಕ."

"ಅದು ಮಾತಾಡಿದ್ರೆ?"

"ಅಲುಗಾಡಿದ ಕೂಡಲೇ ಕಟ್ತೀನಿ. ನನ್ನ ಕೈ ನಿಧಾನ ಅಂದ್ಕೊಂಡೆಯಾ? ಈ ಎಲೆಗೆ ಸುಣ್ಣ ಹಚ್ಚೋದರೊಳಗೆ ಕಟ್ಟಿರ್ತೀನಿ."

"ಸುಣ್ಣ ಹಚ್ಚೋ ಹೊತ್ತಿನಲ್ಲಿ ಬಂದ ಮಾತು?"

ಗಂಟಜ್ಜಿ ಎಲೆ ಮಡಿಸುವುದನ್ನು ಬಿಟ್ಟು ಅವನ ಮುಖ ನೋಡಿದಳು. ಆಮೇಲೆ ಕಾಲ್ಬೆರಳಿನಿಂದ ಗೂಟದ ಬುಡವನ್ನು ತೋರಿಸಿದಳು. ಅಲ್ಲಿ ಗೋಡೆಯ ಮೂಲೆಯಲ್ಲಿ ಒಂದು ರಾಶಿಯಿತ್ತು. ಒಣಗಿದ ತರಗೆಲೆಯೆಂದು ಅವನು ಬಗ್ಗಿ ಕೈಯಿಟ್ಟ. ಎಲೆಯಲ್ಲ. ಕೊನೆ ಚೌಕಿಯಾಕೆ. ಕೊನೆ ಚೌಕಿಯಾಕೆ. ಕೊನೆ ಚೌಕಿಯಾಕೆ. ಕೆಳಗಿನವು ಪುಡಿಯಾಗಿದ್ದವು, ಮೇಲಿನದು ಇನ್ನೂ ಬೆಚ್ಚಗಿತ್ತು.

"ಯಾರದೋ ಹೆಸರು ಅಂತ ಕಾಣುತ್ತೆ," ಎಂದಳು ಗಂಟಜ್ಜಿ. "ಹೆಸರನ್ನ ತುಳೀಬಾರದು ನೋಡು, ಅದಕ್ಕೇ ಮೂಲೆಗೆ ಗುಡಿಸ್ತೀನಿ."

"ಯಾರಿಗಾದ್ರೂ ಹೇಳಬೇಕಿತ್ತಲ್ಲಜ್ಜೀ."

"ಯಾರಾದ್ರೂ ಕೇಳಬೇಕಿತ್ತಲ್ಲ ಮಗಾ."

ಅಂದರೆ ಇಷ್ಟೇ. ಬಹಳ ಹೊತ್ತು ಸುಮ್ಮನಿದ್ದವರ ಮೊದಲ ಮಾತು ತಲುಪುವುದಿಲ್ಲ. ಕೊನೆ ಚೌಕಿಯಾಕೆ ಮರ್ಯಾದಸ್ಥೆ, ಕೆಲಸವಿಲ್ಲದೆ ಮಾತಾಡುವವಳಲ್ಲ, ಮಾತಾಡಿದರೆ ಮೊದಲು ಹೆಸರು ಹೇಳದೆ ಇರುವವಳಲ್ಲ. ಮರ್ಯಾದೆಯೆಲ್ಲ ಗೂಟದ ಬುಡದಲ್ಲಿ ಬಿದ್ದಿತ್ತು. ಕೇಳಿಕೆ ಮಾತ್ರ, ಯಾರದೂ ಅಲ್ಲದ ಕೇಳಿಕೆ, ಗಂಟು ಕಟ್ಟಿದ ಮೇಲೆ ಒಳಗೆ ಹೋಗುತ್ತಿತ್ತು. ಅವನಾದರೋ ಹಗ್ಗ ಹಿಡಿದು ಅಲುಗಿಸುತ್ತಲೇ ಹೋಗಿ ಅಲುಗಿಸುತ್ತಲೇ ಬಂದಿದ್ದ. ಅವನು ಹುಡುಕುತ್ತಿದ್ದ ದೋಷ ಅವನ ಕೈ ಸೋಕಿದೊಡನೆ ಇಲ್ಲವಾಗುತ್ತಿತ್ತು.

ದೊಡ್ಡಕಿವಿಯವರು ಎಲ್ಲವನ್ನೂ ಕಣ್ಣು ಮುಚ್ಚಿ ಕೇಳಿದರು.

"ಗೋಡೆ ನನ್ನದಲ್ಲಯ್ಯ. ಗೋಡೆಯವರು ಬೇರೆ, ಕಿವಿಯವರು ಬೇರೆ. ಆ ಮುದುಕಿ ನನ್ನ ಮಾತು ಕೇಳಲ್ಲ."

"ಹೆಸರಿಲ್ಲದಿದ್ದರೂ ಹೂಂ ಅಂದುಬಿಡಿ ಸ್ವಾಮಿ. ಕೇಳ್ತಿರೋದು ಆಕೆಯೇ."

"ಇವತ್ತು ಆಕೆ. ನಾಳೆ ಯಾರೋ ಗಾಳಿ 'ಬರಲಾ' ಅನ್ನುತ್ತೆ. ಅದಕ್ಕೂ ಹೂಂ ಅನ್ನಲಾ? ಆಕೆ ಸುಮ್ಮನಿರದಿದ್ರೆ ಆಯ್ತಪ್ಪ. ಹಗ್ಗ ಅಲುಗಾಡ್ತಾ ಇರಲಿ. ಹುಣ್ಣಿಮೆಗೆ ಸುಮ್ಮನಿದ್ರೆ ಬಾವಿಗೇ ಹಾಕಿಸೋದು."

"ಹೇಳೋದಕ್ಕೆ ಏನೂ ಇಲ್ಲದಿದ್ರೆ? ಕೆಲಸವಿಲ್ಲದೆ ಮಾತಾಡಬಾರದು ಅಂತ ನಿಮ್ಮದೇ ಕಟ್ಟಳೆ."

"ಮಾತಾಡಬಾರದು ಅಂದದ್ದು. ವಿಚಾರಿಸಿಕೊಳ್ಳಬಾರದು ಅಂದಿಲ್ಲವಲ್ಲ. ಊಟ ಆಯ್ತಾ ಅಂತ ಕೇಳಲಿ. ಹೂಂ ಅಂತೀನಿ. ಅದಕ್ಕೇನು ಗಂಟು ಹೋಗುತ್ತೆ?"

ತಪ್ಪಿಸಿಕೊಳ್ಳುವ ಭರದಲ್ಲಿ ಆಡಿದ್ದಾದರೂ ಅದು ಒಳ್ಳೆಯ ಮಾತೇ ಆಗಿತ್ತು. ಹಗ್ಗದವನು ಮತ್ತೆ ಹೊರಟ. ಚಂದ್ರ ತುಂಬಲು ಸ್ವಲ್ಪವೇ ಬಾಕಿಯಿತ್ತು.

ಕೊನೆ ಚೌಕಿಯಾಕೆ ಒಪ್ಪಲಿಲ್ಲ.

"ಊಟ ಆಯ್ತಾ ಅಂತ ಕೇಳೋದಾ? ಮುಖ ಪರಿಚಯ ಇಲ್ಲದವರನ್ನ? ಆಯ್ತು ಅಂದ್ರೆ ಏನು ಸಾರು ಅಂತಲೂ ಕೇಳಬೇಕೇನು?"

"ಅವರು ಆಯ್ತು ಅನ್ನಲ್ಲಕ್ಕಾ. ಹೂಂ ಅಂತಾರೆ, ಅಷ್ಟೇ."

"ಊಟ ಆಯ್ತಾ ಅಂದ್ರೆ ಹೂಂ ಅನ್ನೋವರ ಹತ್ತಿರ ಏನು ಮಾತು?"

ಆದರೂ ಬಹಳ ಹೊತ್ತಿನ ಮೇಲೆ ಮಡಕೆಗೆ ಬಾಯಿಟ್ಟಳು. ಅವನು ದಿಬ್ಬದ ಮೇಲೆ ಹೋಗಿ ಕೂತ. ಹೆಸರು ಹೇಳಿ ಊಟ ಆಯ್ತಾ ಅಂದಳು. ಹೂಂ ಬರಲಿಲ್ಲ, ಹೆಸರು ಬಿದ್ದುಹೋಯಿತು. ಹಿಂದೆಯೇ, ಗಂಟು ಬಿಚ್ಚುವ ಮುಂಚೆ, ಹೆಸರು ಹೇಳಿ ಬಿಸಿಲು ಜೋರಾ ಅಂದಳು. ಹೂಂ ಬಂತು. ಅವಳು ಹೆದರಿದವಳಂತೆ ಹಿಂದೆ ಸರಿದಳು. ಆಮೇಲೆ ಮುಂದೆ ಬಂದು ನಿದ್ದೆ ಬಂತಾ ಅಂದಳು. ಹೂಂ. ಕಾಲು ನೋವು ಹೇಗಿದೆ ಅಂದಳು. ಹೂಂ. ನಡುಮನೆಯವರಿಗೆ ಕಾಲು ನೋವಿತ್ತೋ ಇಲ್ಲವೋ. ಹೂಂ ಅಂದ ಮೇಲೆ ಇತ್ತು. ಒಂದು ಕೈಯಲ್ಲಿ ಬಾಚಣಿಗೆ ಹಿಡಿದು, ಬಾಚುತ್ತಾ, ಕೇಳುತ್ತಾ, ನೀರು ಕಾಯಿಸುತ್ತಾ, ಬಂದು ಕೇಳಿ ಹೋಗುತ್ತಾ, ಹಗ್ಗ ಒಂದು ಗಳಿಗೆಯೂ ಮಲಗದಂತೆ ನೋಡಿಕೊಂಡಳು. ಅವಳ ದನಿ ಮೊದಲು ತುಕ್ಕು ಹಿಡಿದ ಅಗುಳಿಯಂತಿತ್ತು. ಕೇಳುತ್ತಾ ಕೇಳುತ್ತಾ ಸಡಿಲವಾಯಿತು. ದೀಪ ಹಚ್ಚಿದಳು.

"ಕೊನೆ ಚೌಕಿಯಾಕೆ. ನಾನು ಊರಿಗೆ ಬರಲಾ?"

ಹೂಂ ಬಂತು.

ಅವಳು ದಿಬ್ಬದ ತನಕ ನಡೆದು ಬಂದಳು. ಕಣ್ಣೀರು ಸುರಿಸಲಿಲ್ಲ. "ತಮ್ಮಾ, ಇದು ಕಾಲು ನೋವಿಗೆ ಅಂದ ಹೂಂನೇ. ಒಂಚೂರೂ ವ್ಯತ್ಯಾಸ ಇರಲಿಲ್ಲ. ಕೇಳಿಸಿಕೊಂಡು ಅಂದ್ರೋ, ಅಭ್ಯಾಸಕ್ಕೆ ಅಂದ್ರೋ?"

"ಹೂಂ ಅಂದ್ರೆ ಹೂಂ ಅಕ್ಕಾ. ಹೊರಡು."

ಅವಳ ಬಟ್ಟೆಬರೆಯ ಗಂಟು ಚಿಕ್ಕದಿತ್ತು. ಬದಲಿಯವರು ಬರುತ್ತಾರೆಂಬುದು ಕಟ್ಟಳೆ; ಯಾವಾಗ ಎಂಬುದು ಕಟ್ಟಳೆಯಲ್ಲಿ ಇರಲಿಲ್ಲ. ಚೌಕಿ ಬರಿದಾದರೆ ಹಗ್ಗ ಸುಮ್ಮನಾಗುತ್ತದೆ, ಹುಣ್ಣಿಮೆಗೆ ಅದನ್ನು ಬಾವಿಗೆ ಹಾಕುತ್ತಾರೆ, ಅವಳು ಅರ್ಧ ದಾರಿಯಲ್ಲೇ ಇಲ್ಲವಾಗುತ್ತಾಳೆ. ಅವನು ಅದನ್ನು ಅವಳಿಗೆ ಹೇಳಲಿಲ್ಲ. "ಬದಲಿಯವರು ಬರೋ ತನಕ ನಾನಿರ್ತೀನಿ," ಎಂದಷ್ಟೇ ಹೇಳಿದ. "ಹಗ್ಗದ ಮೇಲೆ ಕೈಯಿಟ್ಟು ನಡಿ. ಬಲಗೈ ಇಡು. ಧೂಳು ಬಂದ್ರೆ ನಿಲ್ಲಬೇಡ."

"ಊರಲ್ಲಿ ನನಗೇನು ಕೆಲಸ ಕೊಡ್ತಾರೆ?"

"ವಾಪಸು ಹೋದವರಿಗೆಲ್ಲ ನಡುಮನೆಯಲ್ಲಿ ಮಡಕೆ ಒರೆಸೋ ಕೆಲಸ."

"ಅದು ಬರುತ್ತೆ ನನಗೆ," ಎಂದಳು. ಹೋದಳು.

ಅವನು ಹಗ್ಗದ ಈ ತುದಿಯ ಮೇಲೆ ಕೈಯಿಟ್ಟು ಕೂತ. ಅವಳ ಕೈ ಜಾರುವುದು ತಿಳಿಯುತ್ತಿತ್ತು. ಎಲ್ಲೋ ನಿಂತಳು, ಬಹುಶಃ ಚಪ್ಪಲಿಯೊಳಗಿನ ಮಣ್ಣು ಕೊಡವಿದಳು, ಮತ್ತೆ ನಡೆದಳು. ಇಷ್ಟು ವರ್ಷ ತಾನು ಬರುವುದನ್ನು ಅವಳು ಹೀಗೇ ಕೂತು ತಿಳಿಯುತ್ತಿದ್ದಳೆಂದು ಅವನಿಗೆ ಹೊಳೆಯಿತು. ಕೈ ದೂರವಾಯಿತು. ಸಣ್ಣದಾಯಿತು. ಚಂದ್ರ ತುಂಬಿದ ಮರುದಿನ, ಗೋಡೆ ಇರಬೇಕಾದಷ್ಟು ದೂರದಲ್ಲಿ, ನಿಂತಿತು.

ಅವನು ಇನ್ನೂ ಒಂದು ಸಲ ಅಲುಗೀತೆಂದು ಕಾದ. ಬಿಸಿಲು ಓರೆಯಾಗುವ ತನಕ ಕಾದ. ಆಮೇಲೆ, ಹಗ್ಗ ಇಷ್ಟು ಹೊತ್ತೂ ಸುಮ್ಮನೆ ಬಿದ್ದಿದೆಯೆಂದು ನೆನಪಾಗಿ, ಧಡಕ್ಕನೆ ಎದ್ದು ಮಡಕೆಯ ಬಳಿ ಹೋದ.

ಮಡಕೆಗೆ ಅವನು ಬಾಯಿಟ್ಟದ್ದು ಅದೇ ಮೊದಲು. ಒಳಗೆ ತೊಗಲಿನ ವಾಸನೆ. ಮೊದಲು ಹೆಸರು ಹೇಳಬೇಕು. ಹಗ್ಗದವನು ಅನ್ನಲು ಬಾಯಿ ತೆರೆದ. ಆದರೆ ಹಗ್ಗದವನೆಂದರೆ ದಾರಿಯಲ್ಲಿರುವವನು.

"ಕೊನೆ ಚೌಕಿಯವನು," ಎಂದ. ಬೇರೆ ಯಾರದೋ ಅಂಗಿ ತೊಟ್ಟ ಹಾಗಿತ್ತು. "ಊಟ ಆಯ್ತಾ?"

ಹೂಂ ಬರಲಿಲ್ಲ. ಬರುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಹೆಸರು ಇಷ್ಟು ಹೊತ್ತಿಗೆ ಬಿದ್ದಿರುತ್ತದೆ, ಹಳೆಯ ಹೆಸರುಗಳ ಮೇಲೆ. ಇನ್ನೇನು ವಿಚಾರಿಸಲಿ ಎಂದು ಯೋಚಿಸುತ್ತಾ ಕಿವಿಯನ್ನು ಮಡಕೆಗೇ ಒತ್ತಿಕೊಂಡಿದ್ದ. ಅಷ್ಟರಲ್ಲಿ ಒಳಗಿನಿಂದ ಒಂದು ದನಿ ಬಂತು.

"ಇಲ್ಲ ತಮ್ಮಾ, ಇನ್ನೂ ಆಗಿಲ್ಲ. ಈಗ ತಾನೇ ಬಂದೆ."

ಹಿಂದೆಯೇ, ದೂರದಿಂದ, ದೊಡ್ಡಕಿವಿಯವರ ಗದರಿಕೆ: "ಯಾರದು ಮಡಕೆಗೆ ಬಾಯಿ ಹಾಕಿದ್ದು? ಯಾರು ಅಂತ ಗೊತ್ತಿಲ್ಲದವರಿಗೆ ಉತ್ತರ ಕೊಡೋದಾ?"

"ಗೊತ್ತಿಲ್ಲದೇನು ಸ್ವಾಮಿ? ಕೊನೇ ಮಡಕೆ ಅಲುಗಾಡಿತು. ನೋಡಿದೆ," ಎಂದಿತು ಅವಳ ದನಿ. ಒರೆಸುವ ಬಟ್ಟೆ ಮಡಕೆಯ ಕಂಠಕ್ಕೆ ಸೋಕಿದ ಸದ್ದಾಯಿತು. ಆಮೇಲೆ ದನಿ ಹತ್ತಿರ ಬಂತು. "ನಿಂದಾಯ್ತಾ?"

ಅವನು ಬಾಯಿ ತೆರೆದ. ಇದನ್ನು ಅವನಿಗೆ ಯಾರೂ ಕೇಳಿರಲಿಲ್ಲ. ತಡ ಮಾಡುವಂತೆಯೂ ಇರಲಿಲ್ಲ. ತಿರುಗಿ ನೋಡಿದ. ಒಲೆಯಲ್ಲಿ ಬೂದಿ ಮಾತ್ರ ಇತ್ತು.

"ಇಲ್ಲಕ್ಕಾ," ಎಂದ. "ಈಗ ಹಚ್ತೀನಿ ಒಲೆ."